ವಿಶ್ವವೇದಿಕೆಯಲ್ಲಿ ಕರಾವಳಿಯ ಧೀಮಂತ: ಸರ್ ಬೆನಗಲ್ ನರಸಿಂಗ ರಾವ್

ಜೀವನೋಪಾಯವನ್ನರಸಿ ಕರಾವಳಿಯಿಂದ ಮುಂಬಯಿಗೆ ಬಂದು ನೆಲೆಯೂರಿದ ನಮ್ಮ ಹಿರಿಯರು ಮಕ್ಕಳ ವಿದ್ಯಾಭ್ಯಾಸಕ್ಕೆ ಪ್ರಥಮ ಪ್ರಾಶಸ್ತ್ಯ ನೀಡಿದರು. ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ಆ ತಲೆಮಾರಿನ ಶ್ರಮದ ಫಲವಾಗಿ ಇಂದು ನಮ್ಮ ಮನೆಗಳಲ್ಲಿ ವೈದ್ಯರು, ಇಂಜಿನಿಯರುಗಳು, ಲೆಕ್ಕ ಪರಿಶೋಧಕರು ಇದ್ದಾರೆ. ಆದರೆ ಮಗನೋ ಮಗಳೋ ಅಂತಾರಾಷ್ಟ್ರೀಯ ರಾಜಕಾರಣದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುವೆನೆಂದಾಗ, ಅದನ್ನು ಓದಿ ಆಗಬೇಕಾದುದೇನು ಎಂಬ ಪ್ರಶ್ನೆ ಮನೆಯಲ್ಲಿ ಏಳದಿರುವುದಿಲ್ಲ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ನಮ್ಮ ಜಿಲ್ಲೆಯವರೇ ಆದ ಮಹನೀಯರೊಬ್ಬರ ಬದುಕನ್ನು ಓದುಗರ ಮುಂದಿಡಬಯಸುತ್ತೇವೆ.

ಬೆನಗಲ್ ನರಸಿಂಗ ರಾವ್ 1887ರ ಫೆಬ್ರವರಿ 26ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಘವೇಂದ್ರ ರಾವ್ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾಯರು ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಪ್ರಥಮರಾಗಿ ಉತ್ತೀರ್ಣರಾದರು. ಮುಂದೆ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ತೆರಳಿದರು. ಜವಾಹರಲಾಲ್ ನೆಹರೂ ಕೂಡ ಅದೇ ಕಾಲದಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದರು. ರಾಯರು ಅಲ್ಲಿ ಅಭ್ಯಸಿಸಿದ್ದು ಗಣಿತ. ಅಂತಾರಾಷ್ಟ್ರೀಯ ರಾಜಕಾರಣವೆಂಬ ಪಾಠವೇ ಆಗ ಇರಲಿಲ್ಲ. ಆ ವಿಷಯಕ್ಕೆಂದೇ ಪ್ರಪಂಚದ ಮೊದಲ ಪ್ರಾಧ್ಯಾಪಕ ಪೀಠ ವೇಲ್ಸಿನ ಅಬೆರಿಸ್ಟ್‌ವಿತ್‌ನಲ್ಲಿ ಸ್ಥಾಪನೆಯಾದುದು 1919ರಲ್ಲಿ.

1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಯರು ಮರುವರ್ಷ ಬಂಗಾಳದಲ್ಲಿ ಸೇವೆಗೆ ಸೇರಿದರು. ಅಸ್ಸಾಮಿನಲ್ಲಿ ಶಾಸನ ರಚನೆಯ ಹೊಣೆ ಹೊತ್ತರು. 1938ರಲ್ಲಿ ಸರ್ ಪದವಿ ಪಡೆದು, ಮರುವರ್ಷ ಕಲಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1941ರಲ್ಲಿ ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವೆ ಎದ್ದ ವಿವಾದವನ್ನು ಪರಿಶೀಲಿಸುವ ಆಯೋಗಕ್ಕೆ ಅವರೇ ಅಧ್ಯಕ್ಷರು. ಅಂದು ಎರಡು ಪ್ರಾಂತ್ಯಗಳ ಜಗಳವಾಗಿದ್ದುದು ದೇಶ ವಿಭಜನೆಯೊಡನೆ ಎರಡು ರಾಷ್ಟ್ರಗಳ ಜಗಳವಾಯಿತು. 1960ರಲ್ಲಿ ಸಿಂಧೂ ಜಲ ಒಪ್ಪಂದವಾಯಿತು. 2025ರ ಏಪ್ರಿಲ್‌ನಲ್ಲಿ ಭಾರತವು ಆ ಒಪ್ಪಂದವನ್ನು ತಡೆಹಿಡಿದಾಗ ಈ ಹಳೆಯ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂತು. ಅದರ ಬೇರನ್ನರಿಯಬೇಕಾದ ವಿದ್ಯಾರ್ಥಿ ರಾವ್ ಆಯೋಗದವರೆಗೆ ಹಿಂದಕ್ಕೆ ಹೋಗಲೇಬೇಕು.

1946ರಲ್ಲಿ ರಾಯರು ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ವೇತನವಿಲ್ಲದೆ ಸೇವೆ ಸಲ್ಲಿಸಲೊಪ್ಪಿದರು. 1947ರ ಅಕ್ಟೋಬರ್‌ನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿ ಪರಿಷ್ಕರಿಸಿ ಬೆಳೆಸಿದ್ದು ಅದನ್ನೇ. ಕೀರ್ತಿಯ ಒಂದು ಪಾಲು ರಾಯರಿಗೂ ಸಲ್ಲುತ್ತದೆಂದು ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಭೆಯಲ್ಲಿಯೇ ಸ್ಮರಿಸಿದರು. ನೆರೆಯ ಬರ್ಮಾ ದೇಶದ ಸಂವಿಧಾನ ರಚನೆಗೂ ರಾಯರ ನೆರವು ದೊರೆಯಿತು.

ಅರುವತ್ತು ದಾಟಿದ ಮೇಲೆ ಅವರ ಬದುಕಿನ ಕೊನೆಯ ಅಧ್ಯಾಯ ವಿಶ್ವಸಂಸ್ಥೆಯಲ್ಲಿ ತೆರೆದುಕೊಂಡಿತು. ಅಣ್ಣ ನ್ಯೂಯಾರ್ಕಿನಲ್ಲಿ ಭಾರತದ ಕಾಯಂ ಪ್ರತಿನಿಧಿಯಾಗಿದ್ದಾಗ, ತಮ್ಮ ಬೆನಗಲ್ ರಾಮ ರಾವ್ ನಮ್ಮ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದರು. 1949ರಿಂದ 1957ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ಇನ್ನೊಬ್ಬ ಸಹೋದರ ಬಿ. ಶಿವ ರಾವ್ ಪತ್ರಕರ್ತರು; ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ಪ್ರತಿನಿಧಿ.

1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಂತೆ ಭಾರತದ್ದಾಗಿತ್ತು. ಅದೇ 25ರಂದು ಉತ್ತರ ಕೊರಿಯದ ಸೇನೆ ದಕ್ಷಿಣದೊಳಗೆ ನುಗ್ಗಿತು. ಚೀನಾದ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಮುನಿದ ಸೋವಿಯತ್ ಒಕ್ಕೂಟ ಸಭೆಗೆ ಬರುತ್ತಿರಲಿಲ್ಲ. ಆಕ್ರಮಣ ನಿಲ್ಲಿಸಿ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ರಾಯರು ಮತ ನೀಡಿದರು. ಎರಡು ದಿನಗಳ ಬಳಿಕ ಸೈನಿಕ ನೆರವನ್ನು ಕೋರುವ ನಿರ್ಣಯ ಬಂದಾಗ ದಿಲ್ಲಿಯ ಸೂಚನೆ ಕೈಸೇರಿರಲಿಲ್ಲ. ಅಧ್ಯಕ್ಷ ಪೀಠದಲ್ಲಿದ್ದೂ ಅವರು ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತ ಸರಕಾರ ಅನಂತರ ಆ ನಿರ್ಣಯವನ್ನು ಒಪ್ಪಿತಾದರೂ ಹೋರಾಡುವ ಪಡೆಯ ಬದಲು ಸೇನೆಯ ವೈದ್ಯಕೀಯ ಘಟಕವನ್ನು ಕಳುಹಿಸಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಕದನವಿರಾಮದ ದಾರಿ ಹುಡುಕಲು ಮಹಾಸಭೆಯು ಮೂವರ ಸಮಿತಿಯನ್ನು ರಚಿಸಿತು. ಇರಾನಿನ ಎಂತೆಝಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಡನೆ ರಾಯರು ದುಡಿದರು. ಚೀನಾ ಒಪ್ಪದೆ ಪ್ರಯತ್ನ ವಿಫಲವಾಯಿತು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿಯೆಂದು ಘೋಷಿಸುವ ನಿರ್ಣಯ ಬಂದಾಗ, ಮಾತುಕತೆಯ ಬಾಗಿಲು ಮುಚ್ಚಬಾರದೆಂಬ ನಿಲುವಿನಿಂದ ಭಾರತ ವಿರುದ್ಧ ಮತ ನೀಡಿತು. ವಿರೋಧಿಸಿದವರು ಏಳೇ ರಾಷ್ಟ್ರಗಳವರು. ಇದರಿಂದ ಅಮೆರಿಕದ ಅಸಮಾಧಾನ ಹೆಚ್ಚಿತು. ಭಾರತ ಆಗ ಅದೇ ಅಮೆರಿಕದಿಂದ ಆಹಾರಧಾನ್ಯದ ನೆರವನ್ನು ನಿರೀಕ್ಷಿಸುತ್ತಿತ್ತೆಂಬುದನ್ನು ನಾವು ಮರೆಯುವಂತಿಲ್ಲ. ಕೊನೆಗೆ ಯುದ್ಧವಿರಾಮವಾದುದು 1953ರ ಜುಲೈ 27ರಂದು. ಯುದ್ಧಕೈದಿಗಳ ಪ್ರಶ್ನೆಯನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಭಾರತಕ್ಕೆ ಬಂತು; ಆ ಹೊಣೆ ಹೊತ್ತವರು ಕೊಡಗಿನ ಜನರಲ್ ತಿಮ್ಮಯ್ಯನವರು.

1952ರಲ್ಲಿ ರಾಯರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠವೇರಿದ ಮೊದಲ ಭಾರತೀಯರು ಅವರು. ಇರಾನ್ ಮತ್ತು ಬ್ರಿಟನ್ ನಡುವಣ ತೈಲ ಕಂಪೆನಿಯ ವ್ಯಾಜ್ಯ ಅಲ್ಲಿಗೆ ಬಂದಾಗ, ಅದೇ ವಿಷಯ ಭದ್ರತಾ ಮಂಡಳಿಯಲ್ಲಿ ಚರ್ಚೆಯಾದಾಗ ತಾವು ಭಾರತದ ಪ್ರತಿನಿಧಿಯಾಗಿದ್ದ ಕಾರಣಕ್ಕೆ ಅವರು ವಿಚಾರಣೆಯಿಂದ ಹಿಂದೆ ಸರಿದರು. ಕಾಯಿಲೆ ಅವರನ್ನು ಹೆಚ್ಚು ಕಾಲ ಉಳಿಸಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ನಿಧನರಾದರು. 1988ರಲ್ಲಿ ಅಂಚೆ ಇಲಾಖೆ ಅವರ ನೆನಪಿನ ಅಂಚೆಚೀಟಿ ಹೊರತಂದಿತು.

ರಾಯರು ನಿಧನರಾಗಿ ಎರಡು ವರ್ಷಗಳ ಬಳಿಕ, 1955ರಲ್ಲಿ, ದಿಲ್ಲಿಯಲ್ಲಿ ಅಂತಾರಾಷ್ಟ್ರೀಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಮುಂದೆ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವನ್ನು ಸೇರಿತು. ಗುರುವಿಲ್ಲದೆ, ಪಠ್ಯವಿಲ್ಲದೆ ರಾಯರು ದುಡಿಮೆಯಲ್ಲೇ ಕಲಿತುದನ್ನು ಇಂದಿನ ಮಕ್ಕಳು ತರಗತಿಯಲ್ಲಿ ಕ್ರಮವಾಗಿ ಕಲಿಯಬಹುದು. ನಮ್ಮ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ವಿದ್ಯಾನಗರಿಯಲ್ಲಿಯೂ ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಕನ್ನಡ ವಿಭಾಗವೂ ಇದೆ. ಈ ಓದು ಕೈತುಂಬ ಸಂಬಳವನ್ನು ತಕ್ಷಣ ತಂದುಕೊಡುತ್ತದೆಂದು ನಾವು ಹೇಳಲಾರೆವು. ಆದರೆ ನದಿಯ ನೀರು, ಯುದ್ಧ, ತೈಲದ ಬೆಲೆ ಇವೆಲ್ಲ ನಮ್ಮ ಅಡುಗೆಮನೆಯವರೆಗೆ ಬರುವಾಗ, ಅವುಗಳನ್ನು ಅರಿತು ದೇಶದ ಪರವಾಗಿ ಮಾತನಾಡಬಲ್ಲವರು ನಮ್ಮವರಲ್ಲಿಯೂ ಇರಬೇಕು. ಅಂತಹ ಆಸೆ ಹೊತ್ತ ಮಗುವಿಗೆ ಮನೆಯವರು ರಾಯರ ಬದುಕನ್ನು ಪರಿಚಯಿಸಿ, ಬೆನ್ನು ತಟ್ಟಲಿ ಎಂದು ಹಾರೈಸುತ್ತೇವೆ.