ಎರಡು ಬಾವುಟಗಳಿಗೆ ಜಾಗ ಕೊಟ್ಟ ದಿವಾನರು



2024ರ ಜನವರಿ ಕೊನೆಯಲ್ಲಿ ಮಂಡ್ಯ ತಾಲೂಕಿನ ಕೆರಗೋಡಿನಲ್ಲಿ ಎದ್ದ ಧ್ವಜಸ್ತಂಭದ ವಿವಾದ ನಿಮಗೆ ನೆನಪಿರಬಹುದು. ಹನುಮ ಧ್ವಜ ಇಳಿಸಿ ರಾಷ್ಟ್ರಧ್ವಜ ಏರಿಸಿದ ದಿನ ಊರಲ್ಲಿ ಲಾಠಿ ಬೀಸಲಾಯಿತು, ನಿಷೇಧಾಜ್ಞೆ ಬಂತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಅದೇ ಸೀಮೆಯಲ್ಲಿ 1938ರಲ್ಲೂ ಒಂದು ಬಾವುಟದ ಜಗಳ ನಡೆದಿತ್ತು. ಅದನ್ನು ಬಗೆಹರಿಸುವ ಹೊಣೆ ಬಿದ್ದದ್ದು ಒಬ್ಬ ಮುಸ್ಲಿಮ್ ದಿವಾನರ ಮೇಲೆ.

ಅವರೇ ಮರ್ಹೂಮ್ ಸರ್ ಮಿರ್ಝಾ ಇಸ್ಮಾಈಲ್. ಶಿರಾಝಿನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿ ನೆಲೆನಿಂತ ಅಲಿ ಅಸ್ಕರ್ ಅವರ ಮೊಮ್ಮಗ. ಹುಟ್ಟಿದ್ದು 1883ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಒಂದೇ ಗುರುವಿನ ಬಳಿ ಪಾಠ ಕಲಿತರು. ಆ ಗೆಳೆತನ ಮಹಾರಾಜರು ತೀರಿಕೊಳ್ಳುವವರೆಗೂ ಉಳಿಯಿತು. 1926ರಲ್ಲಿ ದಿವಾನರಾದರು. ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದದ್ದು (1933), ಮಂಡ್ಯ ಜಿಲ್ಲೆಯಾದದ್ದು (1939) ಅವರ ಕಾಲದಲ್ಲೇ.

ಆದರೆ ಅಧಿಕಾರ ಹೂವಿನ ಹಾಸಿಗೆಯಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಶಾಲೆಯೊಂದರ ಗಣೇಶನ ವಿಚಾರದಲ್ಲಿ ಗಲಭೆಯಾದಾಗ, ದಿವಾನರು ತಮ್ಮವರ ಪಕ್ಷ ಎಂದು ಹಲವರು ಶಂಕಿಸಿದರು. ವಿಚಾರಣೆಗೆ ಸರ್ಕಾರ ನೇಮಿಸಿದ ಸಮಿತಿಗೆ ಸರ್ ಎಂ. ವಿಶ್ವೇಶ್ವರಯ್ಯನವರೇ ಅಧ್ಯಕ್ಷರು.

ಇನ್ನು 1938ರ ಮಾತು. ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮೀರಿ ತಮ್ಮ ಬಾವುಟ ಏರಿಸಿದರು. ಸರ್ಕಾರ ಅವರನ್ನು ಬಂಧಿಸಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಮಿರ್ಝಾ ಸಾಹೇಬರ ಆಡಳಿತದ ಮೇಲಿನ ಈ ಕಲೆಯನ್ನು ಮುಚ್ಚಿಟ್ಟು ಅವರ ಜೀವನ ಬರೆಯುವುದು ನ್ಯಾಯವಲ್ಲ.

ಇಂಥ ಹೊತ್ತಿನಲ್ಲಿ ಹಟ ಹಿಡಿಯುವುದು ಸುಲಭ. ಪೊಲೀಸರೂ ಸೆರೆಮನೆಯೂ ಅವರ ಕೈಯಲ್ಲೇ ಇದ್ದವು. ಆದರೆ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರ ಜೊತೆ ಅವರು ಮಾತುಕತೆಗೆ ಕುಳಿತರು. ಬಂಧಿತರ ಬಿಡುಗಡೆಯಾಯಿತು. ಸಮಾರಂಭಗಳಲ್ಲಿ ಮೈಸೂರಿನ ಧ್ವಜದ ಪಕ್ಕದಲ್ಲೇ ಕಾಂಗ್ರೆಸ್ ಧ್ವಜವೂ ಹಾರಬಹುದು, ಪಕ್ಷದ ಸಭೆಗಳಲ್ಲಿ ಪಕ್ಷದ್ದೊಂದೇ ಇರಬಹುದು ಎಂದಾಯಿತು. ಒಂದೇ ಬೀದಿಯ ಎರಡು ಮನೆಯವರು ಗೋಡೆಯ ಬಗ್ಗೆ ಮಾತಾಡಿಕೊಂಡ ಹಾಗೆ! ಜವಾಬ್ದಾರಿ ಸರ್ಕಾರದ ಬೇಡಿಕೆಯೇನೋ ಅವರ ಕಾಲದಲ್ಲಿ ಈಡೇರಲಿಲ್ಲ. ಚಳವಳಿ ಮತ್ತೆ ಎದ್ದಿತು.

1941ರಲ್ಲಿ ಮೈಸೂರು ಬಿಟ್ಟು ಜಯಪುರದಲ್ಲಿ, ಆಮೇಲೆ 1946ರಲ್ಲಿ ಹೈದರಾಬಾದಿನಲ್ಲಿ ಮುಖ್ಯ ಆಡಳಿತಗಾರರಾದರು. ದೇಶವಿಭಜನೆಯನ್ನು ಅವರು ಒಪ್ಪಲಿಲ್ಲ. ಹೈದರಾಬಾದ್ ಭಾರತದೊಂದಿಗೆ ಹೊಂದಿಕೊಳ್ಳಬೇಕೆಂಬ ಅವರ ನಿಲುವು ಅಲ್ಲಿನ ಉಗ್ರ ಮುಸ್ಲಿಮ್ ಮುಖಂಡರಿಗೆ ಸಹಿಸಲಿಲ್ಲ. ಮೊದಲು ಹಿಂದೂಗಳ ಶಂಕೆ, ಈಗ ಸ್ವಂತ ಸಮುದಾಯದವರ ಕೋಪ. 1947ರಲ್ಲಿ ಹುದ್ದೆ ಬಿಟ್ಟು ಬಂದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಸೌಧವಿದೆ. ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ತೋರಿಸಿ. ಬಾವುಟ ಏರಿಸಿದವರ ಕಥೆ ಹೇಳಿ. ಅವರನ್ನು ಬಂಧಿಸಿದ ಸರ್ಕಾರದ ದಿವಾನರು ಮರು ತಿಂಗಳೇ ಸಂಧಾನಕ್ಕೆ ಕುಳಿತ ಕಥೆಯನ್ನೂ ಹೇಳಿ.