ಮಂಜೇಶ್ವರದಿಂದ ಜಗತ್ತಿನೊಡನೆ ಮಾತಾಡಿದ ಕವಿ

ಮಂಜೇಶ್ವರವೆಂದೊಡನೆ ಕನ್ನಡಿಗರ ನಾಲಗೆಗೆ ಬರುವ ಹೆಸರು ಗೋವಿಂದ ಪೈಗಳದು. 1883ರ ಮಾರ್ಚ್ 23ರಂದು ಈ ಊರಿನ ಅಜ್ಜನ ಮನೆಯಲ್ಲಿ ಅವರು ಹುಟ್ಟಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮಂಗಳೂರಿನಲ್ಲಿ ಶಾಲೆ ಕಲಿತು, ಬಿ.ಎ. ಓದಲು ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ಅಂತಿಮ ಪರೀಕ್ಷೆ ಪೂರ್ತಿಯಾಗುವ ಮೊದಲೇ ತಂದೆಗಾಗಿ ಊರಿಗೆ ಮರಳಬೇಕಾಯಿತು. ಹಿರಿಯ ಮಗನ ಹೆಗಲಿಗೆ ಸಂಸಾರದ ಭಾರ ಬಿತ್ತು. ಇಂಗ್ಲಿಷಿನಲ್ಲಿ ಚಿನ್ನದ ಪದಕ ಗಳಿಸಿದವರಿಗೆ ಪದವಿ ಮಾತ್ರ ದಕ್ಕಲಿಲ್ಲ.

ಆದರೆ ಓದು ನಿಲ್ಲಲಿಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ನೆರೆಕರೆಯಲ್ಲಿ ಮಲಯಾಳ, ಬರವಣಿಗೆಗೆ ಕನ್ನಡ. ಇಷ್ಟು ಗಡಿನಾಡಿನ ನಮಗೆಲ್ಲ ಪರಿಚಿತವಾದುದೇ. ಪೈಗಳು ಅಲ್ಲಿಗೆ ತೃಪ್ತರಾಗದೆ ಸಂಸ್ಕೃತ, ಪಾಲಿ, ಬಂಗಾಳಿ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಎಂದು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳತ್ತ ಕೈಚಾಚಿದರು. ದೂರದೇಶದ ಲೇಖಕರೊಡನೆ ದುಭಾಷಿಯಿಲ್ಲದೆ, ನೇರವಾಗಿ ಮಾತಾಡುವ ದಾರಿ ಅವರಿಗೆ ಹೀಗೆ ತೆರೆಯಿತು.

ಆ ಸಂವಾದದ ಫಲ ಕನ್ನಡಕ್ಕೆ ದಕ್ಕಿತು. 1911ರಲ್ಲಿಯೇ ಅವರು ಪದ್ಯದ ಆದಿಪ್ರಾಸವನ್ನು ಬಿಟ್ಟು ಬರೆದು ಸಂಪ್ರದಾಯಸ್ಥರ ಆಕ್ಷೇಪವನ್ನು ಎದುರಿಸಿದರು. 1930ರಲ್ಲಿ ‘ಗಿಳಿವಿಂಡು’ ಬಂತು. 1937ರ ‘ಗೊಲ್ಗೊಥಾ’ದಲ್ಲಿ ಯೇಸುವಿನ ಕೊನೆಯ ದಿನ, 1946ರ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನ ಕಾವ್ಯವಾದುವು. ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು. ಈಜಿಪ್ಟಿನಲ್ಲಿ ದೊರೆತ ಹಳೆಯ ಪಪೈರಸ್ ಹಾಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕಡಲತೀರದವರು ಆಡುವ ಮಾತು ಕನ್ನಡವೇ ಎಂಬ ಚರ್ಚೆಯಲ್ಲಿ ಪೈಗಳೂ ತೊಡಗಿದರು. ವಿದ್ವಾಂಸರಲ್ಲಿ ಆ ಬಗ್ಗೆ ಒಮ್ಮತವಿಲ್ಲವಾದರೂ, ನಮ್ಮ ಕರಾವಳಿ ಎಂದೋ ಜಗತ್ತಿನೊಡನೆ ಬೆರೆತಿತ್ತೆಂಬ ಅವರ ಕುತೂಹಲ ದೊಡ್ಡದು.

1927ರಲ್ಲಿ ಪತ್ನಿಯನ್ನು ಕಳೆದುಕೊಂಡ ಮೇಲೆ ಗ್ರಂಥಗಳೇ ಅವರ ಸಂಗಾತಿಗಳಾದುವು. ಶಾಸನಗಳ ಕಾಲನಿರ್ಣಯ, ತುಳುನಾಡಿನ ಇತಿಹಾಸ, ಜೈನ ಬೌದ್ಧ ವಿಚಾರಗಳಲ್ಲಿ ಅವರು ಮುಳುಗಿದರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರದಾಯಿತು.

ಇಂಥವರ ಮನೆಯಂಗಳವೇ ಗಡಿಯ ಆಚೆಗೆ ಬಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕನ್ನಡ ನಾಡು ಒಂದಾದ ದಿನವೇ ಕನ್ನಡದ ರಾಷ್ಟ್ರಕವಿ ಅದರ ಹೊರಗುಳಿದರು. ಆ ನೋವು ಕೊನೆವರೆಗೂ ಅವರನ್ನು ಬಿಡಲಿಲ್ಲ. 1963ರ ಸಪ್ಟೆಂಬರ್ 6ರಂದು ಅವರು ತೀರಿಕೊಂಡರು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದಾಗ ಕೇಳಲು ಪೈಗಳಿರಲಿಲ್ಲ. ಆ ಶಿಫಾರಸು ಇಂದಿಗೂ ಕಾಗದದಲ್ಲಿಯೇ ಇದೆ.

ಮಂಜೇಶ್ವರದ ಸರಕಾರಿ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಅವರ ಮನೆ ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ವರ್ಷಕ್ಕೊಮ್ಮೆ ಭಾವಚಿತ್ರಕ್ಕೆ ಹಾರ ಹಾಕಿದರೆ ನಮ್ಮ ಋಣ ತೀರಿತೇ?

ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು, ಸರಕಾರಿ ಕಾಗದಪತ್ರ ಕನ್ನಡದಲ್ಲಿರಬೇಕೆಂದು ನಾವು ಕೇಳುತ್ತಲೇ ಬಂದಿದ್ದೇವೆ, ಕೇಳಲೇಬೇಕು. ಅದು ನಮ್ಮ ಹಕ್ಕು. ಅದರ ಜೊತೆಗೆ ಪೈಗಳ ಬಾಳು ಇನ್ನೊಂದು ಕೆಲಸವನ್ನೂ ನೆನಪಿಸುತ್ತದೆ. ಅವರಿಗೆ ನೆರೆಯವರ ಭಾಷೆ ಶತ್ರುವಾಗಿರಲಿಲ್ಲ, ದೂರದವರ ಭಾಷೆ ಅನ್ಯವಾಗಿರಲಿಲ್ಲ. ಎಲ್ಲವನ್ನೂ ಕೇಳಿ ಬಂದು ಕನ್ನಡದಲ್ಲಿ ಹೇಳಿದರು. ನಮ್ಮ ಮಕ್ಕಳು ಕನ್ನಡವನ್ನು ಗಟ್ಟಿಯಾಗಿ ಕಲಿಯಲಿ; ಪಕ್ಕದ ಮನೆಯ ಮಲಯಾಳ ಪುಸ್ತಕವನ್ನೂ ಬಿಡಿಸಿ ಓದಲಿ. ಮುಂದಿನ ಮಾರ್ಚ್ 23ರಂದು ಊರ ವಾಚನಾಲಯಗಳಲ್ಲಿ ಪೈಗಳ ಒಂದು ಕವಿತೆಯನ್ನಾದರೂ ಮಕ್ಕಳಿಂದ ಓದಿಸೋಣ.