ಠಾಣೆಯ ಪತ್ರ ಮತ್ತು ಮೈಲಾರ ಮಹಾದೇವಪ್ಪನವರು

ಕಳೆದ ಬೇಸಗೆಯಲ್ಲಿ, ನನ್ನ ಮೇಲೆ ಯಾವ ಅಪರಾಧವೂ ದಾಖಲಾಗಿಲ್ಲವೆಂಬುದಕ್ಕೆ ನನಗೆ ಪೊಲೀಸರ ಪತ್ರವೊಂದು ಬೇಕಾಯಿತು. ಸೇವಾಸಿಂಧುವಿನಲ್ಲಿ ಅರ್ಜಿ ತುಂಬಿ, ಗುರುತಿನ ಚೀಟಿ ಭಾವಚಿತ್ರಗಳನ್ನು ಸೇರಿಸಿ ಕಳುಹಿಸಿದೆ. ಹುಲಗೂರಿನ ಮನೆಗೆ ಪೇದೆಯೊಬ್ಬರು ಬಂದು, ಎಷ್ಟು ವರ್ಷಗಳಿಂದ ಇಲ್ಲಿರುವಿರೆಂದು ವಿಚಾರಿಸಿ, ನೆರೆಯವರನ್ನೂ ಒಂದು ಮಾತು ಕೇಳಿ ಹೋದರು. ಕೆಲವು ದಿನಗಳಲ್ಲಿ ಪತ್ರ ಕೈಸೇರಿತು. ಅದನ್ನು ಮಡಿಸಿಡುವಾಗ ನಮ್ಮ ಸೀಮೆಯ ಮೈಲಾರ ಮಹಾದೇವಪ್ಪನವರು ನೆನಪಾದರು. ಇಂಥ ಪತ್ರ ಅವರಿಗೆ ಎಂದೂ ದೊರೆಯುವಂತಿರಲಿಲ್ಲ.

ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲಿಯೇ ಸಾಬರಮತಿ ಆಶ್ರಮವನ್ನು ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಾಂಡಿಗೆ ಹೊರಟ 78 ಮಂದಿಯಲ್ಲಿ ಕನ್ನಡಿಗರು ಇವರೊಬ್ಬರೇ. ಆ ತಂಡದವರ ಹೆಸರುಗಳನ್ನೆಲ್ಲ ಗಾಂಧೀಜಿ ಯಂಗ್ ಇಂಡಿಯಾದಲ್ಲಿ ಅಚ್ಚು ಹಾಕಿಸಿದರು. ಕಾನೂನನ್ನು ಮುರಿಯ ಹೊರಟವರು ತಮ್ಮ ಹೆಸರನ್ನು ತಾವೇ ಸರಕಾರದ ಮುಂದಿಟ್ಟು, ಪೊಲೀಸರ ಶ್ರಮವನ್ನು ಉಳಿಸಿದ್ದರು! ಆ ಪಟ್ಟಿಯಲ್ಲಿ ಮೈಲಾರ ಎಂದು ಹುಡುಕಿದವರಿಗೆ ಅವರು ಸಿಕ್ಕುವುದಿಲ್ಲ. ತಂದೆಯ ಹೆಸರು ಕೂಡಿ ಮಹಾದೇವ ಮಾರ್ತಂಡ, ವಯಸ್ಸು 18 ಎಂದಿದೆ. ಹಳೆಯ ಕಡತಗಳಲ್ಲಿ ಒಬ್ಬರನ್ನು ಅರಸುವ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡುವುದು ಲೇಸು.

ಮುಂದೆ ಸೆರೆವಾಸ, ಪತ್ನಿ ಸಿದ್ದಮ್ಮನವರೂ ಸೆರೆಮನೆಯನ್ನು ಕಂಡರು. ಬಿಡುಗಡೆಯಾಗಿ ಬಂದ ಮೇಲೆ ಕೊರಡೂರಿನಲ್ಲಿ ಆಶ್ರಮ ಕಟ್ಟಿ ಖಾದಿ, ಗ್ರಾಮಸೇವೆಗಳಲ್ಲಿ ತೊಡಗಿದರು.

1942ರ ಚಳವಳಿ ಈ ಬಾಳನ್ನು ಬೇರೆಡೆಗೆ ತಿರುಗಿಸಿತು. ತಮ್ಮ ಹೆಸರನ್ನು ಬಹಿರಂಗವಾಗಿ ಬರೆಸಿದ್ದವರು ಈಗ ತಲೆಮರೆಸಿಕೊಳ್ಳಬೇಕಾಯಿತು. ಅವರ ತಂಡ ಸರಕಾರದ ಆಡಳಿತವನ್ನು ಹಳ್ಳಿ ಹಳ್ಳಿಗಳಲ್ಲಿ ಕೆಡಿಸುತ್ತ ನಡೆಯಿತು. ಅವರು ಗಾಂಧೀಮಾರ್ಗದಿಂದ ದೂರ ಸರಿದರೇ ಎಂಬ ಪ್ರಶ್ನೆ ತರಗತಿಯಲ್ಲಿ ಒಮ್ಮೆ ಎದ್ದಿತು. ನಾನು ಏನೋ ಒಂದು ಉತ್ತರ ಕೊಟ್ಟೆನಾದರೂ ಅದು ನನಗೇ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. 1943ರ ಏಪ್ರಿಲ್ 1ರಂದು, ಹೊಸರಿತ್ತಿಯ ವೀರಭದ್ರನ ಗುಡಿಯಲ್ಲಿರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಮಹಾದೇವಪ್ಪನವರು, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರೂ ಗುಂಡಿಗೆ ಬಲಿಯಾದರು. ಮಹಾದೇವಪ್ಪನವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಆರೋಪಿ ಸತ್ತರೆ ಅವನ ಮೇಲಿನ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತದೆ.

ಬದುಕುಳಿದವರ ಪಾಡು ಬೇರೆ. 1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿಯ ಯೋಜನೆಯನ್ನು ಆರಂಭಿಸಿತು. ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸಕ್ಕೆ ಆಧಾರ ಬೇಕು. ಭೂಗತರಾಗಿದ್ದವರಾದರೆ, ತಮ್ಮನ್ನು ಹಿಡಿಯಲು ಹೊರಟಿದ್ದ ವಾರಂಟನ್ನೋ, ತಲೆಗೆ ಬಹುಮಾನ ಸಾರಿದ್ದ ಆಜ್ಞೆಯನ್ನೋ ತೋರಿಸಬೇಕು. ನಾನು ಕಳಂಕವಿಲ್ಲವೆಂಬ ಪತ್ರಕ್ಕೆ ಅರ್ಜಿ ಹಾಕಿದಂತೆ, ಆ ವೃದ್ಧರು ತಾವು ಅಪರಾಧಿಗಳಾಗಿದ್ದೆವೆಂಬ ಪತ್ರಕ್ಕೆ ಅರ್ಜಿ ಹಾಕಿದರು. ನಮ್ಮ ಸೀಮೆ 1943ರಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹಾವೇರಿ ಜಿಲ್ಲೆಯಾದುದು 1997ರಲ್ಲಿ. ಯರವಡಾದಲ್ಲಿ ಸೆರೆಯಿದ್ದವರು ಆ ವೇಳೆಗೆ ಪರರಾಜ್ಯವಾಗಿದ್ದ ಮಹಾರಾಷ್ಟ್ರಕ್ಕೆ ಬರೆಯಬೇಕಾಗಿತ್ತು. ಕಡತವೇ ಸಿಕ್ಕದವರಿಗೆ, ಜೊತೆಯಲ್ಲಿ ಸೆರೆಯಿದ್ದವರು ಇನ್ನೂ ಬದುಕಿದ್ದು ಸಾಕ್ಷಿಪತ್ರ ಬರೆದುಕೊಡಬೇಕಾಗಿತ್ತು.